ಮೋಟಾರು ಕಾರಿಗೆ ನೀರಿನ ತಾಪಮಾಪಕದ ಜೋಡಣೆ

ಬೇಸಿಗೆಯ ದಿನಗಳಲ್ಲಿ ಶಿರಾಡಿ, ಚಾರ್ಮಾಡಿ ಘಟ್ಟಗಳನ್ನು ಏರುವ ರಸ್ತೆಗಳಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರುಗಳನ್ನು ಕಾಣದವರು ವಿರಳ. ರೇಡಿಯೇಟರಿನಿಂದ ಹಬೆ ಏಳುತ್ತಿರುತ್ತದೆ. ಪ್ರಯಾಣಿಕರು ಮರದ ನೆರಳನ್ನು ಅರಸಿ ಕುಳಿತಿರುತ್ತಾರೆ. ಚಾಲಕನು ನೀರಿನ ಬಾಟಲಿಯನ್ನು ಹಿಡಿದು, ಮುಚ್ಚಳವನ್ನು ತೆರೆಯಲೋ ಬೇಡವೋ ಎಂಬ ಸಂದಿಗ್ಧದಲ್ಲಿರುತ್ತಾನೆ. ಹಬೆ ಕಣ್ಣಿಗೆ ಬೀಳುವ ಮೊದಲೇ ಆ ಇಂಜಿನ್ ಹಲವು ನಿಮಿಷಗಳ ಕಾಲ ಮಿತಿಮೀರಿ ಕಾದಿರುತ್ತದೆ. ಅದನ್ನು ಚಾಲಕನಿಗೆ ತಿಳಿಸುವ ಸಾಧನವೇ ಕಾರಿನಲ್ಲಿ ಇದ್ದಿರಲಾರದು. ಇಲ್ಲವೆ, ತಿಳಿಸಬೇಕಾದ ಮುಳ್ಳು ತಪ್ಪು ಹೇಳುತ್ತಿದ್ದಿರಬಹುದು. ಈ ಎರಡನೆಯ ಸಂಗತಿಯೇ ಹೆಚ್ಚು ವಿಚಾರಾರ್ಹವಾದುದು. ಮಾಪಕವಿಲ್ಲದ ಕಾರಿನ ಚಾಲಕನು ಎಚ್ಚರದಿಂದಲಾದರೂ ಇರುತ್ತಾನೆ. ತಪ್ಪು ತೋರಿಸುವ ಮಾಪಕವನ್ನು ನಂಬಿದವನು ನೆಮ್ಮದಿಯಿಂದಲೇ ಇಂಜಿನ್ನನ್ನು ಸುಟ್ಟುಕೊಳ್ಳುತ್ತಾನೆ.

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಚಕ್ರಗಳನ್ನು ತಿರುಗಿಸಲು ಒದಗುವುದು ಒಂದು ಪಾಲು ಮಾತ್ರ. ಮಿಕ್ಕುದರಲ್ಲಿ ಬಹುಭಾಗವು ಹೊಗೆಯೊಡನೆ ಹೊರಹೋಗುತ್ತದೆ. ಒಟ್ಟಿನಲ್ಲಿ ಸರಿಸುಮಾರು ಮೂರನೆಯ ಒಂದು ಭಾಗದಷ್ಟು ಶಾಖವನ್ನು ಇಂಜಿನ್ನಿನ ಸುತ್ತ ಹರಿಯುವ ನೀರೇ ಹೊತ್ತು ರೇಡಿಯೇಟರಿಗೆ ಒಯ್ಯಬೇಕಾಗುತ್ತದೆ. ಈ ನೀರಿಗೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನೂ ತುಕ್ಕು ತಡೆಯುವ ರಾಸಾಯನಿಕಗಳನ್ನೂ ಬೆರೆಸುವುದುಂಟು. ಗ್ಯಾರೇಜುಗಳಲ್ಲಿ ಕೂಲಂಟ್ ಎಂದು ಕರೆಯುವುದು ಈ ಮಿಶ್ರಣವನ್ನೇ. ನೀರು ಸಾಲದೆ ಹೋದರೆ, ಅಥವಾ ಅದರ ಹರಿವು ನಿಂತರೆ, ಮೊದಲು ಕಷ್ಟಕ್ಕೊಳಗಾಗುವುದು ಸಿಲಿಂಡರಿನ ಮೇಲ್ಭಾಗದ ಹೆಡ್. ಅಲ್ಯೂಮಿನಿಯಂ ಕಾದಾಗ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 40 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಹೆಡ್ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ ಸುಮಾರು 0.9 ಮಿಲಿಮೀಟರ್ ಉದ್ದವಾಗುತ್ತದೆ. ಅದರಡಿಯ ಕಬ್ಬಿಣದ ಬ್ಲಾಕ್ ಅಷ್ಟೇ ಕಾದರೂ ಅರ್ಧ ಮಿಲಿಮೀಟರನ್ನು ಮುಟ್ಟುವುದಿಲ್ಲ. ಈ ವ್ಯತ್ಯಾಸವನ್ನು ತಡೆದುಕೊಳ್ಳುವಂತೆಯೇ ಇಂಜಿನ್ನನ್ನು ರಚಿಸಿರುತ್ತಾರೆ, ಆದರೆ ಅದಕ್ಕೊಂದು ಮಿತಿಯಿದೆ. ಮಿತಿ ಮೀರಿದಾಗ ಹೆಡ್ ಸೊಟ್ಟಗಾಗುತ್ತದೆ, ನಡುವಣ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ, ನೀರು ಸಿಲಿಂಡರಿಗೂ ಎಣ್ಣೆಗೂ ಸೇರುತ್ತದೆ. ಹಳೆಯ ಕಾರುಗಳ ಪಾಲಿಗೆ ಈ ದುರಸ್ತಿಯ ವೆಚ್ಚ ಎಷ್ಟೋ ಸಲ ಕಾರಿನ ಬೆಲೆಯನ್ನೇ ಮೀರುತ್ತದೆ.

ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂಬುದು ಶಾಲೆಯ ಪಾಠ. ಅದು ಸಮುದ್ರಮಟ್ಟದ ಮಾತು. ಮಂಗಳೂರಿನಲ್ಲಿ ಅದು ಸರಿ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲಿ. ಘಟ್ಟ ಏರುವ ಕಾರಿಗೆ ದುಡಿಮೆ ಹೆಚ್ಚುತ್ತಾ ಹೋದಂತೆ ತೆರೆದ ನೀರಿನ ಕುದಿಬಿಂದು ಇಳಿಯುತ್ತಾ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ರೇಡಿಯೇಟರಿನ ಮುಚ್ಚಳಕ್ಕೆ ಸ್ಪ್ರಿಂಗು ಇಟ್ಟು ಒಳಗೆ ಒತ್ತಡವನ್ನು ಕಾಯುತ್ತಾರೆ. ಮುಚ್ಚಳವು 0.9 ಬಾರ್‌ನಷ್ಟು ಹೆಚ್ಚಿನ ಒತ್ತಡವನ್ನು ಹಿಡಿದರೆ ಸಮುದ್ರಮಟ್ಟದಲ್ಲಿ ಬರಿಯ ನೀರು ಕೂಡ 119 ಡಿಗ್ರಿಯ ತನಕ ಕುದಿಯದೆ ಇರುತ್ತದೆ. ಅರ್ಧಕ್ಕರ್ಧ ಗ್ಲೈಕಾಲ್ ಬೆರೆತರೆ ಇನ್ನಷ್ಟು ಮೇಲೆ. ಕಾದ ಇಂಜಿನ್ನಿನ ಮುಚ್ಚಳವನ್ನು ಒಮ್ಮೆಲೇ ತೆರೆದರೆ ಆ ಒತ್ತಡ ಕ್ಷಣಮಾತ್ರದಲ್ಲಿ ಇಳಿದು, ಅಲ್ಲಿಯವರೆಗೆ ಕುದಿಯದಿದ್ದ ನೀರೆಲ್ಲ ಹಬೆಯಾಗಿ ಮುಖಕ್ಕೆ ಹಾರುತ್ತದೆ. ಘಟ್ಟದ ಚಾಲಕನ ಸಂದಿಗ್ಧಕ್ಕೆ ಉತ್ತರವೂ ಇದರಲ್ಲಿಯೇ ಇದೆ: ಇಂಜಿನ್ ತಣಿಯುವ ತನಕ ತೆರೆಯಬಾರದು.

ಹೀಗಿರುವಾಗ ನೀರಿನ ತಾಪವನ್ನು ಅಳೆಯುವ ಅಗತ್ಯ ಮೋಟಾರು ಬಂಡಿಯಷ್ಟೇ ಹಳೆಯದು ಎನ್ನಬಹುದು. 1910ರ ದಶಕದಲ್ಲಿ ಅಮೆರಿಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಸಾಧನವು ಬಳಕೆಗೆ ಬಂದಿತು. ರೇಡಿಯೇಟರಿನ ಮುಚ್ಚಳದ ಮೇಲೆಯೇ ದುಂಡನೆಯ ಗಾಜಿನ ಮುಖದಲ್ಲಿ ಒಂದು ಥರ್ಮಾಮೀಟರನ್ನು ನಿಲ್ಲಿಸಿ, ಅದರೊಳಗಿನ ಬಣ್ಣದ ದ್ರವದ ಏರಿಳಿತವು ಚಾಲಕನಿಗೆ ಗಾಜಿನ ಮೂಲಕ ಕಾಣುವಂತೆ ಮಾಡಿದ್ದರು. ಅದು ಅಳೆಯುತ್ತಿದ್ದುದು ನೀರನ್ನಲ್ಲ, ನೀರಿನ ಮೇಲಣ ಆವಿಯನ್ನು. ಆನಂತರ ಬಂದ ಡ್ಯಾಷ್‌ಬೋರ್ಡಿನ ಮಾಪಕಗಳು, ಫ್ರಾನ್ಸಿನ ಯುಜೀನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಲೋಹನಾಳದ ತತ್ತ್ವವನ್ನು ಆಶ್ರಯಿಸಿದವು. ಇಂಜಿನ್ನಿನ ನೀರಿನಲ್ಲಿ ಮುಳುಗಿಸಿದ ಪುಟ್ಟ ಲೋಹದ ಬುರುಡೆಯಲ್ಲಿ ಈಥರಿನಂಥ ಬೇಗ ಆವಿಯಾಗುವ ದ್ರವವಿರುತ್ತದೆ. ಅದರ ಆವಿಯ ಒತ್ತಡವು ಕೂದಲೆಳೆಯಂಥ ತಾಮ್ರದ ನಾಳದ ಮೂಲಕ ಮಾಪಕವನ್ನು ತಲುಪಿ, ಬಾಗಿದ ನಾಳವನ್ನು ನೆಟ್ಟಗೆ ಮಾಡಲೆತ್ನಿಸಿ, ಮುಳ್ಳನ್ನು ತಿರುಗಿಸುತ್ತದೆ. ವಿದ್ಯುತ್ತಿನ ಹಂಗಿಲ್ಲದ ಈ ಮಾಪಕಗಳು ಟ್ರ್ಯಾಕ್ಟರುಗಳಲ್ಲಿ ಬಹುಕಾಲ ಉಳಿದುಬಂದವು.

ಇಂದಿನ ಕಾರುಗಳಲ್ಲಿ ಈ ಮುಳ್ಳಿನ ಸ್ಥಿತಿಯೇ ಬೇರೆಯಾಗಿದೆ. ಅನೇಕ ಚಿಕ್ಕ ಕಾರುಗಳಲ್ಲಿ ಮಾಪಕವನ್ನೇ ಬಿಟ್ಟು, ತಣ್ಣಗಿರುವಾಗ ನೀಲಿ ದೀಪವನ್ನೂ ಮಿತಿಮೀರಿದಾಗ ಕೆಂಪು ದೀಪವನ್ನೂ ಇಟ್ಟಿದ್ದಾರೆ. ಮಾಪಕವಿರುವ ಎಷ್ಟೋ ಕಾರುಗಳಲ್ಲಿಯೂ, ನೀರಿನ ಬಿಸಿ ಸಾಧಾರಣ ಮಿತಿಯೊಳಗೆ ಇಪ್ಪತ್ತು ಮೂವತ್ತು ಡಿಗ್ರಿ ಏರಿಳಿದರೂ ಮುಳ್ಳು ನಟ್ಟನಡುವೆಯೇ ಅಲುಗದೆ ನಿಲ್ಲುವಂತೆ ತಯಾರಕರೇ ವ್ಯವಸ್ಥೆ ಮಾಡಿರುತ್ತಾರೆ. ಮುಳ್ಳು ಅಲುಗಿದಾಗಲೆಲ್ಲ ಗಿರಾಕಿ ಕಳವಳಗೊಂಡು ಗ್ಯಾರೇಜಿಗೆ ಬರಬಾರದೆಂಬುದು ಇದರ ಹಿಂದಿನ ಎಣಿಕೆ. ದಿನನಿತ್ಯ ಊರೊಳಗೆ ಓಡಾಡುವವರಿಗೆ ಇದರಿಂದ ಕೇಡೇನೂ ಇಲ್ಲವೆನ್ನಬಹುದು. ಆದರೆ 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನಂಥ ಹಳೆಯ ಕಾರುಗಳನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದವರಿಗೂ, ಭಾರ ಹೊತ್ತು ಘಟ್ಟ ಏರಬೇಕಾದವರಿಗೂ ಅಂಕಿಗಳುಳ್ಳ ಪ್ರತ್ಯೇಕ ಮಾಪಕವೊಂದು ನಿಜವಾಗಿ ಉಪಯುಕ್ತ.

ಅಂಗಡಿಯಲ್ಲಿ ದೊರೆಯುವ ಮಾಪಕಗಳು ಮುಖ್ಯವಾಗಿ ಎರಡು ಬಗೆ. ಮೇಲೆ ಹೇಳಿದ ನಾಳದ ಮಾಪಕ ಒಂದು. ಇದರ ಬುರುಡೆ, ನಾಳ, ಮಾಪಕ ಮೂರೂ ಬಿಡಿಸಲಾಗದ ಒಂದೇ ಘಟಕ. ನಾಳವನ್ನು ಕತ್ತರಿಸುವಂತಿಲ್ಲ, ಚೂಪಾಗಿ ಮಡಿಸುವಂತಿಲ್ಲ. ಹೆಚ್ಚಾದ ಉದ್ದವನ್ನು ಅಗಲವಾದ ಸುರುಳಿಯಾಗಿ ಸುತ್ತಿ ಕಟ್ಟಬೇಕು. ಇಂಜಿನ್ನಿಗೂ ಚಾಲಕನ ಕಾಲಿಗೂ ನಡುವಿನ ತಗಡಿನ ಗೋಡೆಯಲ್ಲಿ ಇಡೀ ಬುರುಡೆ ತೂರುವಷ್ಟು ದೊಡ್ಡ ರಂಧ್ರ ಬೇಕಾಗುತ್ತದೆ. ನಾಳ ಒಡೆದರೆ ಮಾಪಕ ಮುಗಿಯಿತು. ಇನ್ನೊಂದು ವಿದ್ಯುತ್ ಮಾಪಕ. ಇದರ ಸೆನ್ಸರ್ ಎಂಬ ಪುಟ್ಟ ಹಿತ್ತಾಳೆಯ ತುಂಡಿನೊಳಗೆ ಥರ್ಮಿಸ್ಟರ್ ಇರುತ್ತದೆ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಜೋಡಣೆ ಸುಲಭ, ತಂತಿಯನ್ನು ಬೇಕಾದಂತೆ ಎಳೆಯಬಹುದು; ಆದುದರಿಂದ ಹೆಚ್ಚಿನವರು ಕೊಳ್ಳುವುದು ಇದನ್ನೇ. ಒಂದು ಎಚ್ಚರಿಕೆ: ಮಾಪಕವನ್ನೂ ಸೆನ್ಸರನ್ನೂ ಜೋಡಿಯಾಗಿಯೇ ಕೊಳ್ಳಬೇಕು. ಒಬ್ಬ ತಯಾರಕನ ಸೆನ್ಸರಿಗೂ ಇನ್ನೊಬ್ಬನದಕ್ಕೂ ರೋಧದ ಲೆಕ್ಕ ಬೇರೆಯಾಗಿರುತ್ತದೆ. ಬೆರಸಿದರೆ ಮುಳ್ಳು ತಿರುಗುತ್ತದೆ, ಆದರೆ ಅದು ತೋರಿಸುವ ಅಂಕಿಗೆ ಅರ್ಥವಿರುವುದಿಲ್ಲ.

ಇನ್ನು ಸೆನ್ಸರನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ. ಇಡೀ ಕೆಲಸದಲ್ಲಿ ವಿವೇಚನೆ ಬೇಕಾದುದು ಇಲ್ಲಿಯೇ. ಮಾಪಕವು ಇಂಜಿನ್ನಿನ ಬಿಸಿಯನ್ನು ತೋರಿಸುತ್ತದೆ ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ವಾಸ್ತವದಲ್ಲಿ ಅದು ತೋರಿಸುವುದು ಸೆನ್ಸರಿನ ತುದಿ ಯಾವುದನ್ನು ಮುಟ್ಟಿರುತ್ತದೆಯೋ ಅದರ ಬಿಸಿಯನ್ನು ಮಾತ್ರ. ಇಂಜಿನ್ನಿನಿಂದ ಹೊರಬರುವ ದಾರಿಯಲ್ಲಿ ಥರ್ಮೋಸ್ಟಾಟ್ ಎಂಬ ಕವಾಟವಿದೆ. ನೀರು 82 ಅಥವಾ 88 ಡಿಗ್ರಿಯಂಥ ಗೊತ್ತಾದ ಬಿಸಿಗೆ ಬರುವ ತನಕ ಅದು ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ. ಈ ಕವಾಟಕ್ಕಿಂತ ಮೊದಲು, ಅಂದರೆ ಇಂಜಿನ್ನಿನ ಪಕ್ಕದಲ್ಲಿ, ಹೆಡ್ಡಿನಲ್ಲಿಯೋ ಕವಾಟದ ಗೂಡಿನಲ್ಲಿಯೋ ಸೆನ್ಸರ್ ಕುಳಿತರೆ ಅತ್ಯಂತ ಬಿಸಿಯಾದ ನೀರನ್ನು ಎಲ್ಲ ಕಾಲದಲ್ಲೂ ಅಳೆಯುತ್ತದೆ. ಅನೇಕ ಇಂಜಿನ್ನುಗಳಲ್ಲಿ ತಿರುಪಿನ ಬಿರಡೆಯಿಂದ ಮುಚ್ಚಿದ ಒಂದು ರಂಧ್ರ ಅಲ್ಲಿ ಸಿದ್ಧವಾಗಿಯೇ ಇರುತ್ತದೆ. ಅದಿಲ್ಲದಿದ್ದಾಗ ಮೇಲಿನ ಹೋಸ್ ಪೈಪನ್ನು ಕತ್ತರಿಸಿ, ಪಕ್ಕದಲ್ಲಿ ರಂಧ್ರವುಳ್ಳ ಲೋಹದ ಬಳೆಯೊಂದನ್ನು ನಡುವೆ ಸೇರಿಸುವುದು ರೂಢಿ. ಇದು ತಪ್ಪಲ್ಲ. ಆದರೆ ಥರ್ಮೋಸ್ಟಾಟ್ ತೆರೆಯುವ ತನಕ ಆ ಪೈಪಿನಲ್ಲಿ ನೀರು ಹರಿಯದಿರುವುದರಿಂದ, ಮುಳ್ಳು ಮೊದಲು ಬಹಳ ಹೊತ್ತು ಕೆಳಗೇ ಇದ್ದು ಆಮೇಲೆ ಒಮ್ಮೆಲೇ ನೆಗೆಯುತ್ತದೆಂಬುದನ್ನು ತಿಳಿದಿರಬೇಕು. ಥರ್ಮೋಸ್ಟಾಟೇ ಕೆಟ್ಟು ಮುಚ್ಚಿಕೊಂಡರೆ ಒಳಗೆ ಇಂಜಿನ್ ಕುದಿಯುತ್ತಿರುವಾಗ ಈ ಮಾಪಕ ತಣ್ಣಗಿದೆಯೆಂದೇ ಹೇಳುತ್ತಿರುತ್ತದೆ. ಕೆಳಗಿನ ಪೈಪಿನಲ್ಲಿ ಇಡುವುದಂತೂ ಸಲ್ಲದು. ಅಲ್ಲಿರುವುದು ರೇಡಿಯೇಟರಿನಲ್ಲಿ ತಣಿದು ಹಿಂತಿರುಗುವ ನೀರು.

ಕಾರಿನೊಡನೆಯೇ ಬಂದ ಸೆನ್ಸರನ್ನು ತೆಗೆದು ಆ ಜಾಗದಲ್ಲಿ ಹೊಸದನ್ನು ಕೂರಿಸುವ ಸುಲಭೋಪಾಯವನ್ನು ಕೆಲವರು ಸೂಚಿಸುವುದುಂಟು. ಈಚಿನ ಕಾರುಗಳಲ್ಲಿ ಪೆಟ್ರೋಲಿನ ಪ್ರಮಾಣವನ್ನೂ ರೇಡಿಯೇಟರಿನ ಫ್ಯಾನನ್ನೂ ನಿಯಂತ್ರಿಸುವ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವುದು ಆ ಸೆನ್ಸರೇ. ಅದನ್ನು ಮುಟ್ಟದಿರುವುದೇ ಕ್ಷೇಮ.

ಕೆಲಸಕ್ಕೆ ತೊಡಗುವ ಮುನ್ನ ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಹಿಂದಿನ ರಾತ್ರಿ ನಿಲ್ಲಿಸಿದ ಕಾರಿನಲ್ಲಿ ಬೆಳಿಗ್ಗೆ ಆರಂಭಿಸುವುದು ಉತ್ತಮ. ಬ್ಯಾಟರಿಯ ಋಣ ತಂತಿಯನ್ನು ಕಳಚಿ, ರೇಡಿಯೇಟರಿನ ಅಡಿಯ ನಲ್ಲಿಯಿಂದ ಕೂಲಂಟನ್ನು ಅಗಲವಾದ ಬೋಗುಣಿಯಲ್ಲಿ ಇಳಿಸಿಕೊಳ್ಳಬೇಕು. ಸೆನ್ಸರಿನ ಮಟ್ಟಕ್ಕಿಂತ ಕೆಳಗಿಳಿದರೆ ಸಾಕು, ಎಲ್ಲವನ್ನೂ ಇಳಿಸಬೇಕಾಗಿಲ್ಲ. ಗ್ಲೈಕಾಲ್ ರುಚಿಗೆ ಸಿಹಿಯಾದರೂ ವಿಷ. ನಾಯಿಗಳೂ ದನಕರುಗಳೂ ಕುಡಿಯುವ ಅಪಾಯವಿರುವುದರಿಂದ ಬೋಗುಣಿಯನ್ನು ಅಂಗಳದಲ್ಲಿ ತೆರೆದಿಡಬಾರದು, ಚರಂಡಿಗೂ ಚೆಲ್ಲಬಾರದು.

ಬಳೆಯನ್ನು ಸೇರಿಸುವಾಗ ಪೈಪಿನಿಂದ ಕತ್ತರಿಸಿ ತೆಗೆಯುವ ತುಂಡು ಬಳೆಯ ನಡುಭಾಗದಷ್ಟೇ ಇರಬೇಕು. ಹೆಚ್ಚಾಗಿ ಕತ್ತರಿಸಿದರೆ ಇಂಜಿನ್ ಅಲುಗಿದಾಗಲೆಲ್ಲ ಪೈಪು ಎಳೆದಂತಾಗಿ ಕ್ಲಿಪ್ಪಿನಿಂದ ಜಾರುತ್ತದೆ. ಫ್ಯಾನಿನ ಎಲೆಗಳಿಗೆ ಸೆನ್ಸರ್ ತಾಗದಂತೆ ಬಳೆಯನ್ನು ತಿರುಗಿಸಿಟ್ಟು, ಎರಡೂ ಕಡೆ ಕ್ಲಿಪ್ಪುಗಳನ್ನು ಬಿಗಿಗೊಳಿಸಬೇಕು.

ಸೆನ್ಸರಿನ ತಿರುಪಿನ ವಿಷಯದಲ್ಲಿ, ಮೆಕ್ಯಾನಿಕ್ಕರ ಮಾತಿನಲ್ಲಿ ಥ್ರೆಡ್ಡಿನ ವಿಷಯದಲ್ಲಿ, ಬಹಳ ಮಂದಿ ಎಡವುತ್ತಾರೆ. ಅಮೆರಿಕದ ಎನ್.ಪಿ.ಟಿ. ಮಾದರಿಯ ಎಂಟನೇ ಒಂದು ಇಂಚಿನ ತಿರುಪಿಗೆ ಇಂಚಿಗೆ 27 ಸುತ್ತುಗಳು. ನಮ್ಮ ನಲ್ಲಿ ಕೆಲಸದವರಿಗೆ ಪರಿಚಿತವಾದ ಬ್ರಿಟಿಷ್ ಬಿ.ಎಸ್.ಪಿ. ಮಾದರಿಯ ಅದೇ ಅಳತೆಗೆ 28. ಕಣ್ಣಿಗೆ ಎರಡೂ ಒಂದೇ. ಒಂದನ್ನು ಇನ್ನೊಂದರೊಳಕ್ಕೆ ತಿರುಗಿಸಿದರೆ ಎರಡು ಮೂರು ಸುತ್ತು ಸುಲಭವಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಬಿಗಿಯಾಯಿತೆಂದು ಸ್ಪ್ಯಾನರ್ ಹಾಕಿ ಒತ್ತಿದರೆ ಅಲ್ಯೂಮಿನಿಯಂ ಗೂಡು ಸೀಳುತ್ತದೆ. ಬೆರಳಿನಿಂದ ತಿರುಗಿಸಿದಾಗ ಹಲವು ಸುತ್ತು ಸರಾಗವಾಗಿ ಹೋಗದ ಸೆನ್ಸರನ್ನು ಅಲ್ಲಿಗೇ ನಿಲ್ಲಿಸಿ, ಸರಿಯಾದ ಅಡಾಪ್ಟರನ್ನು ತರಿಸುವುದೊಂದೇ ದಾರಿ.

ಮಾಪಕದ ಹಿಂದೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಎಡೆಯಿಂದ, ಸಣ್ಣ ಫ್ಯೂಸಿನ ಮೂಲಕ, ಒಂದು. ಇರುಳಿನಲ್ಲಿ ಅಂಕಿಗಳು ಕಾಣುವಂತೆ ಡ್ಯಾಷ್‌ಬೋರ್ಡಿನ ದೀಪದಿಂದ ಇನ್ನೊಂದು. ಮೂರನೆಯದು ಸೆನ್ಸರಿಗೆ, ನಾಲ್ಕನೆಯದು ಕಾರಿನ ಲೋಹದ ಮೈಗೆ, ಅಂದರೆ ಅರ್ತ್. ಬ್ಯಾಟರಿಯ ಧನ ಧ್ರುವವನ್ನೇ ಮೈಗೆ ಕಟ್ಟಿದ ಹಳೆಯ ಬ್ರಿಟಿಷ್ ಕಾರುಗಳೂ ಅಲ್ಲಲ್ಲಿ ಉಳಿದಿರುವುದರಿಂದ, ಅಂಥವುಗಳ ಮಾಲೀಕರು ಮಾಪಕ ಅದಕ್ಕೆ ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು. ತಗಡಿನ ಗೋಡೆಯನ್ನು ದಾಟುವಲ್ಲಿ ತಂತಿಗೆ ರಬ್ಬರಿನ ಗ್ರೊಮೆಟ್ ತೊಡಿಸಬೇಕು. ಸೈಲೆನ್ಸರಿಗೆ ಹೋಗುವ ಕಾದ ಕೊಳವೆಯಿಂದ ದೂರವಿರಿಸಬೇಕು.

ಅರ್ತ್ ಕುರಿತು ಎರಡು ಮಾತು ಹೆಚ್ಚಾಗಿ ಹೇಳುವುದು ಅಗತ್ಯ. ಏಕೆಂದರೆ ಮಾಪಕವು ಸುಳ್ಳು ಹೇಳತೊಡಗುವುದು ಬಹುತೇಕ ಇಲ್ಲಿಂದಲೇ. ಒಂದೇ ತಂತಿಯ ಸೆನ್ಸರಿನಲ್ಲಿ ವಿದ್ಯುತ್ತು ಹಿಂತಿರುಗುವ ದಾರಿ ಅದರ ಹಿತ್ತಾಳೆಯ ಮೈ, ತಿರುಪು, ಇಂಜಿನ್ ಇವುಗಳ ಮೂಲಕ. ಬಳೆಯಲ್ಲಿ ಕೂರಿಸಿದ ಸೆನ್ಸರಿಗಾದರೋ ಎರಡು ಕಡೆಯೂ ರಬ್ಬರು. ಹಿಂತಿರುಗುವ ದಾರಿಯೇ ಇಲ್ಲ. ಬಳೆಗೆ ಪ್ರತ್ಯೇಕ ತಂತಿಯೊಂದನ್ನು ಬಿಗಿದು ಇಂಜಿನ್ನಿಗೆ ಕಟ್ಟದಿದ್ದರೆ ಮುಳ್ಳು ಏಳುವುದೇ ಇಲ್ಲ. ನೇರವಾಗಿ ಇಂಜಿನ್ನಿನಲ್ಲಿ ಕೂರಿಸಿದಾಗಲೂ, ನೀರು ಸೋರದಿರಲೆಂದು ತಿರುಪಿಗೆ ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿದರೆ ಲೋಹಕ್ಕೆ ಲೋಹ ತಾಗುವುದು ತಪ್ಪಬಹುದು.

ಪೂರ್ತಿ ತಪ್ಪಿದರೆ ಕೂಡಲೇ ಗೊತ್ತಾಗುತ್ತದೆ. ಅರೆಬರೆ ತಪ್ಪಿದಾಗಲೇ ಕಷ್ಟ. ಹೆಚ್ಚಾಗಿ ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರಿನ ರೋಧವು 60 ಡಿಗ್ರಿಯಲ್ಲಿ ಸುಮಾರು 134 ಓಮ್, 90 ಡಿಗ್ರಿಯಲ್ಲಿ ಸುಮಾರು 51, 100 ಡಿಗ್ರಿಯಲ್ಲಿ ಸುಮಾರು 38. ತುಕ್ಕು ಹಿಡಿದ ಬೋಲ್ಟಿಗೋ ಬಣ್ಣದ ಮೇಲೆಯೋ ಅರ್ತ್ ತಂತಿಯನ್ನು ಕಟ್ಟಿದುದರಿಂದ ದಾರಿಯಲ್ಲಿ 13 ಓಮ್ ರೋಧ ಸೇರಿಕೊಂಡಿತೆಂದು ಭಾವಿಸೋಣ. ನೀರು 100 ಡಿಗ್ರಿ ಮುಟ್ಟಿದಾಗ ಸೆನ್ಸರಿನ 38ಕ್ಕೆ ಈ 13 ಕೂಡಿ ಮಾಪಕಕ್ಕೆ ಕಾಣುವುದು 51. ಅದು 90 ಎಂದು ತೋರಿಸುತ್ತದೆ. 60 ಡಿಗ್ರಿಯಲ್ಲಾದರೋ 134ಕ್ಕೆ 13 ಕೂಡಿದರೆ ಆಗುವ ವ್ಯತ್ಯಾಸ ಎರಡು ಮೂರು ಡಿಗ್ರಿಯಷ್ಟೇ. ಯಾರ ಗಮನಕ್ಕೂ ಬಾರದು. ಬಿಸಿ ಏರಿದಷ್ಟೂ ಸುಳ್ಳು ದೊಡ್ಡದಾಗುತ್ತಾ ಹೋಗುತ್ತದೆ, ಅದೂ ಚಾಲಕನಿಗೆ ಧೈರ್ಯ ತುಂಬುವ ದಿಕ್ಕಿನಲ್ಲಿಯೇ. ಸೆನ್ಸರಿನ ತಂತಿ ತುಂಡಾದರೂ ಹಾಗೆಯೇ, ಮುಳ್ಳು ತಣ್ಣನೆಯ ಕಡೆಗೆ ಬೀಳುತ್ತದೆ. ತಂತಿಯ ಹೊದಿಕೆ ಸವೆದು ಕಾರಿನ ಮೈಗೆ ತಾಗಿದಾಗ ಮಾತ್ರ ಮುಳ್ಳು ಕೊನೆಯ ಅಂಕಿಗೆ ಹಾರಿ ಸುಮ್ಮನೆ ಗಾಬರಿಗೊಳಿಸುತ್ತದೆ. ಇದು ನಿರುಪದ್ರವಿ ದೋಷ. ಹೆಡ್‌ಲೈಟ್ ಹಚ್ಚಿದ ಕೂಡಲೇ ಮುಳ್ಳು ಸರಿದರೆ ಮಾಪಕದ ಅರ್ತ್ ಸರಿಯಿಲ್ಲವೆಂದೇ ತಿಳಿಯಬೇಕು.

ಸೆನ್ಸರನ್ನು ಇಂಜಿನ್ನಿಗೆ ಕೂರಿಸುವ ಮೊದಲೇ ಪರೀಕ್ಷಿಸುವುದು ಜಾಣತನ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿರುವ ಬೀಕರು, ಥರ್ಮಾಮೀಟರು, ಒಂದು ಮಲ್ಟಿಮೀಟರ್ ಇಷ್ಟೇ ಸಾಕು. ಓಮನ ನಿಯಮವನ್ನು ಕಲಿಸುವ ಅಧ್ಯಾಪಕರಿಗೆ ಇದು ತರಗತಿಗೂ ಒಗ್ಗುವ ಪ್ರಯೋಗವಾಗಿದೆ. ಸೆನ್ಸರಿನ ತುದಿಯನ್ನು ನೀರಿನಲ್ಲಿ ಇಳಿಬಿಟ್ಟು, ನೀರನ್ನು ಮೆಲ್ಲನೆ ಕಾಯಿಸುತ್ತಾ ಪ್ರತಿ ಹತ್ತು ಡಿಗ್ರಿಗೊಮ್ಮೆ ರೋಧವನ್ನು ಬರೆದುಕೊಳ್ಳಬೇಕು. ಆಮೇಲೆ ಮಾಪಕವನ್ನೂ ಸೆನ್ಸರಿನ ಮೈಯನ್ನೂ 12 ವೋಲ್ಟಿನ ಬ್ಯಾಟರಿಗೆ ಜೋಡಿಸಿ ಮುಳ್ಳು ಅದೇ ಅಂಕಿಗಳನ್ನು ತೋರಿಸುತ್ತದೆಯೇ ಎಂದು ನೋಡಬಹುದು. ಬೆಂಗಳೂರಿನಲ್ಲಿ ಈ ಪ್ರಯೋಗ ಮಾಡಿ, ನೀರು ತಳಮಳ ಕುದಿಯುತ್ತಿದ್ದರೂ ಮುಳ್ಳು 97ರಲ್ಲಿ ನಿಂತಿತೆಂದು ಮಾಪಕವನ್ನು ಅಂಗಡಿಗೆ ಹಿಂತಿರುಗಿಸುವವರು ಕುದಿಬಿಂದುವಿನ ಪಾಠವನ್ನು ಮತ್ತೊಮ್ಮೆ ಓದಿಕೊಳ್ಳುವುದು ಮೇಲು.

ಜೋಡಣೆ ಮುಗಿದ ಮೇಲೆ ಕೂಲಂಟನ್ನು ನಿಧಾನವಾಗಿ ತುಂಬಿ, ಮುಚ್ಚಳ ತೆರೆದಂತೆಯೇ ತಣ್ಣನೆಯ ಇಂಜಿನ್ನನ್ನು ನಡೆಸಿ ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಹೊರಬರುವಂತೆ ಮಾಡಬೇಕು. ನೀರು ಬಿಸಿಯೇರುವ ಮೊದಲೇ ಮಟ್ಟವನ್ನು ತುಂಬಿಸಿ ಮುಚ್ಚಬೇಕು. ಸೆನ್ಸರಿನ ಸುತ್ತ ಗಾಳಿಗುಳ್ಳೆ ನಿಂತರೆ ಅದು ನೀರನ್ನು ಅಳೆಯುವುದೇ ಇಲ್ಲ. ಮರುದಿನ ಇಂಜಿನ್ ತಣಿದಿರುವಾಗ ಇನ್ನೊಮ್ಮೆ ಮಟ್ಟವನ್ನೂ ಸೋರಿಕೆಯನ್ನೂ ನೋಡಬೇಕು.

ಗಾಳಿಗುಳ್ಳೆಯ ಈ ಮಾತು ರಸ್ತೆಯಲ್ಲಿ ಇನ್ನೂ ಗಂಭೀರ ರೂಪವನ್ನು ತಾಳುತ್ತದೆ. ಪೈಪು ಒಡೆದು ನೀರೆಲ್ಲ ಹೊರಗೆ ಹೋದಾಗ ಸೆನ್ಸರಿನ ತುದಿಗೆ ಮುಟ್ಟುವುದು ಬರಿಯ ಗಾಳಿ. ಇಂಜಿನ್ ಕೆಂಡವಾಗುತ್ತಿರುವಾಗ ಮುಳ್ಳು ಮೇಲೇರುವ ಬದಲು ಕೆಳಗಿಳಿಯಬಹುದು. ಘಟ್ಟ ಏರುತ್ತಿರುವಾಗ 95ರಲ್ಲಿದ್ದ ಮುಳ್ಳು ಕಾರಣವಿಲ್ಲದೆ 70ಕ್ಕೆ ಇಳಿದರೆ ಅದು ತಂಗಾಳಿಯ ಪ್ರಭಾವವಲ್ಲ. ಕೂಡಲೇ ಬದಿಗೆ ನಿಲ್ಲಿಸಿ ಇಂಜಿನ್ನನ್ನು ಆರಿಸಬೇಕು. ಮುಳ್ಳು ಏರತೊಡಗಿದ್ದು ಕಂಡಾಗಲಾದರೆ ಇಷ್ಟು ಆತುರವಿಲ್ಲ. ಎ.ಸಿ. ಇದ್ದರೆ ಆರಿಸಿ, ಹೀಟರನ್ನು ಪೂರ್ತಿ ತೆರೆದು ಒಂದಿಷ್ಟು ಶಾಖವನ್ನು ಕಾರಿನೊಳಕ್ಕೇ ಬಿಟ್ಟುಕೊಂಡು, ಗೇರ್ ಇಳಿಸಿ, ಸಮತಟ್ಟಾದ ಎಡೆಯನ್ನು ಸೇರಲು ಸಮಯ ಸಿಗುತ್ತದೆ. ಒಳಗೆ ಕುಳಿತವರು ಬೆವರುವುದು ಬೇರೆ ಮಾತು.

ಹೊಸ ಮಾಪಕವನ್ನು ಕೂರಿಸಿದ ಮೊದಲ ವಾರದಲ್ಲಿಯೇ ಒಂದು ಚಿಕ್ಕ ಪುಸ್ತಕದಲ್ಲಿ ಅಂಕಿಗಳನ್ನು ಬರೆದಿಡುವುದು ಒಳ್ಳೆಯ ಪದ್ಧತಿ: ಊರೊಳಗೆ ನಿಂತು ನಿಂತು ಹೋಗುವಾಗ ಎಷ್ಟು, ಹೆದ್ದಾರಿಯಲ್ಲಿ ಎಷ್ಟು, ಐದು ಜನ ಕುಳಿತು ಏರು ಹತ್ತುವಾಗ ಎಷ್ಟು, ಆ ದಿನದ ಬಿಸಿಲು ಹೇಗಿತ್ತು. ಪ್ರತಿಯೊಂದು ಕಾರಿಗೂ ತನ್ನದೇ ಆದ ಅಂಕಿಗಳಿರುತ್ತವೆ. ನೆರೆಯವರ ಕಾರಿನ 85 ಇವರ ಕಾರಿಗೆ 91 ಆಗಿದ್ದರೆ ದೋಷವೆಂದು ತಿಳಿಯಬೇಕಾಗಿಲ್ಲ. ಆರು ತಿಂಗಳ ತರುವಾಯ, ಅಷ್ಟೇ ಬಿಸಿಲಿನಲ್ಲಿ ಅದೇ ಏರಿನಲ್ಲಿ 91 ಇದ್ದುದು 97 ಆಗಿದ್ದರೆ ರೇಡಿಯೇಟರಿನ ಕೊಳವೆಗಳಲ್ಲಿ ಕೆಸರು ಕಟ್ಟುತ್ತಿರಬಹುದು, ಫ್ಯಾನಿನ ಬೆಲ್ಟು ಸಡಿಲಾಗಿರಬಹುದು, ಇಲ್ಲವೆ ಹೊರಗಿನ ರೆಕ್ಕೆಗಳಲ್ಲಿ ಹುಳುಹುಪ್ಪಟೆ ಧೂಳು ತುಂಬಿರಬಹುದು. ಹುಳುಹುಪ್ಪಟೆಯನ್ನು ಹಿಂಬದಿಯಿಂದ ಮೆಲ್ಲನೆ ನೀರು ಬಿಟ್ಟು ತೊಳೆಯಬೇಕು. ಜೋರಾಗಿ ಬಿಟ್ಟರೆ ರೆಕ್ಕೆಗಳು ಮಡಿಚಿಕೊಳ್ಳುತ್ತವೆ.